ಒಲೆ ಬಿಚ್ಚಿ ನೋಡಿ, ಆಮೇಲೆ ಊರಿಗೆ ಬೈಯಿರಿ

“ಅಕ್ಕಾ, ನೀವು ಈ ಚಳಿ ದೇಶಕ್ಕೆ ಬಂದು 14 ವರ್ಷ ಆಯ್ತಂತೆ. ನಮಗಿದು ಮೊದಲ ಚಳಿಗಾಲ. ಕೊಂಡಿದ್ದು ಹಳೇ ಮನೆ, ಗೋಡೆಯೊಳಗೆ ಕೂರಿಸಿದ ಸೌದೆ ಒಲೆ ಇದೆ. ದಿನಾ ಬುಟ್ಟಿಗಟ್ಟಲೆ ಸೌದೆ ಹಾಕ್ತೀವಿ. ಗಾಜೆಲ್ಲ ಕಪ್ಪು, ಕೋಣೆ ಮಾತ್ರ ತಣ್ಣಗೆ. ಮಗು ಮೂರು ಸ್ವೆಟರ್ ಹಾಕಿಕೊಂಡು ಮಲಗುತ್ತೆ. ಇಲ್ಲಿ ಬದುಕು ಅಂದ್ರೆ ಇಷ್ಟೇನಾ?” ಅಂತ ಕೇಳಿದ್ದೀರಿ.

ಬದುಕಿನ ಮಾತು ಆಮೇಲೆ ಆಡೋಣ, ಮೊದಲು ಒಲೆ ನೋಡೋಣ.

ನಮ್ಮದೂ ಹೀಗೇ ಇತ್ತು. ಮೊದಲ ಎರಡು ಚಳಿಗಾಲ ಕೋಟು ಹಾಕಿಕೊಂಡೇ ಊಟಕ್ಕೆ ಕೂರುತ್ತಿದ್ದೆವು. ಇಲ್ಲಿನ ಮನೆಗಳೇ ಹೀಗೆ ಅಂದುಕೊಂಡಿದ್ದೆವು. ಹೊಸದಾಗಿ ಬಂದವರ ಕಷ್ಟವೇ ಇದು ನೋಡಿ. ಯಾವುದು ಕೆಟ್ಟಿದೆ, ಯಾವುದು ಇರುವುದೇ ಹಾಗೆ ಅಂತ ಗೊತ್ತಾಗುವುದಿಲ್ಲ. ಮೂರನೆಯ ವರ್ಷ ಪಕ್ಕದ ಮನೆಯ ಅಜ್ಜಿ ಒಮ್ಮೆ ಒಳಗೆ ಕರೆದರು. ಹೊರಗೆ ಸೊನ್ನೆಗಿಂತ 12 ಡಿಗ್ರಿ ಕೆಳಗೆ. ಅವರು ಅರ್ಧ ತೋಳಿನ ಅಂಗಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಒಲೆ ನಮ್ಮಂಥದ್ದೇ, ಅದೇ ಕಂಪನಿ, ಹೆಚ್ಚುಕಡಿಮೆ ಅದೇ ವಯಸ್ಸು. ಒಳಗೆ ಉರಿಯುತ್ತಿದ್ದದ್ದು ಎರಡೇ ತುಂಡು. ನಾನು ನಮ್ಮನೆ ಗೋಳು ಹೇಳಿಕೊಂಡೆ. “ಮೇಲಿನ ಹಲಗೆ ತೆಗೆದು ಎಷ್ಟು ದಿನ ಆಯ್ತು?” ಅಂದರು. ಯಾವ ಹಲಗೆ?

ಆ ಹಲಗೆಗೆ ಬ್ಯಾಫಲ್ ಅನ್ನುತ್ತಾರೆ. ಬೆಂಕಿಯ ನೆತ್ತಿಯ ಮೇಲೆ ಅಡ್ಡಕ್ಕೆ ಮಲಗಿರುತ್ತದೆ. ಗೋಡೆಯೊಳಗೆ ಕೂರಿಸಿದ ನಿಮ್ಮಂಥ ಒಲೆಗೆ ಇನ್ಸರ್ಟ್ ಅನ್ನುತ್ತಾರೆ. ಹಳೇ ಇಟ್ಟಿಗೆಯ ಬೆಂಕಿಗೂಡಿನೊಳಗೆ ತಳ್ಳಿ ಕೂರಿಸಿದ ಕಬ್ಬಿಣದ ಪೆಟ್ಟಿಗೆ, ಅಷ್ಟೇ. ಅದರ ತಲೆಯಿಂದ ಒಂದು ಸ್ಟೀಲ್ ಕೊಳವೆ ಚಿಮಣಿಯ ತುದಿವರೆಗೆ ಹೋಗುತ್ತದೆ. ಸೌದೆ ಕಾದಾಗ ಮೊದಲು ಹೊರಡುವುದು ಹೊಗೆ. ಸೌದೆಯ ಅರ್ಧಕ್ಕೂ ಜಾಸ್ತಿ ಶಾಖ ಆ ಹೊಗೆಯಲ್ಲೇ ಅಡಗಿದೆ. ಅದು ಉರಿಯಬೇಕಾದರೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಬೇಕು, ಜೊತೆಗೆ ತಾಜಾ ಗಾಳಿ ಬೇಕು. ಬ್ಯಾಫಲ್ ಹೊಗೆಯನ್ನು ತಡೆದು, ಮುಂದಕ್ಕೆ ಸುತ್ತಿಸಿ ಮೇಲೆ ಬಿಡುತ್ತದೆ. ಅದರ ಕೆಳಗಿನ ತೂತಿನ ಕೊಳವೆಗಳಿಂದ ಬಿಸಿ ಗಾಳಿ ಬರುತ್ತದೆ. ಹೊಗೆ ಅಲ್ಲೇ ಹೊತ್ತಿಕೊಳ್ಳುತ್ತದೆ. ಇದು ನಡೆಯದಿದ್ದರೆ ನೀವು ಸೌದೆ ಸುಟ್ಟು ಆಕಾಶಕ್ಕೆ ಮಸಿ ಬಳಿದ ಹಾಗೆ.

ನಿಮ್ಮ ಮಾತಿನಲ್ಲೇ ಒಂದು ಸುಳಿವಿದೆ. ಸೌದೆ ಭಗಭಗ ಉರಿದು ಬೇಗ ಮುಗಿದು, ಗಾಜು ಸ್ವಚ್ಛವಾಗಿದ್ದೂ ಕೋಣೆ ತಣ್ಣಗಿದ್ದರೆ ಅದು ಬೇರೆ ರೋಗ. ಶಾಖ ಎಲ್ಲೋ ಸೋರುತ್ತಿದೆ ಅಂತ ಅರ್ಥ. ನಿಮ್ಮದು ಗಾಜು ಕಪ್ಪು. ಅಂದರೆ ಬೆಂಕಿ ಮಂಕಾಗಿದೆ. ಹಸಿ ಸೌದೆ ಇರಬೇಕು, ಇಲ್ಲವೇ ಉಸಿರು ಕಟ್ಟಿರಬೇಕು. ನಮ್ಮನೆಯಲ್ಲಿ ಎರಡೂ ಇತ್ತು.

ಸೌದೆ ಪರೀಕ್ಷೆ ಸುಲಭ. ತೇವ ನೋಡುವ ಚಿಕ್ಕ ಮೀಟರ್ ಸಿಗುತ್ತದೆ. ತುಂಡಿನ ಹೊರಮೈಗೆ ಚುಚ್ಚಬೇಡಿ, ಅದು ಸುಳ್ಳು ಹೇಳುತ್ತದೆ. ಆಗಷ್ಟೇ ಸೀಳಿದ ಒಳಮೈಗೆ ಚುಚ್ಚಿ. 20 ಪರ್ಸೆಂಟ್‌ಗಿಂತ ಕೆಳಗಿರಬೇಕು. ನಮ್ಮದು 31 ತೋರಿಸಿತು. ಲೆಕ್ಕ ಹಾಕಿದರೆ ಒಂದು ಕಿಲೋ ನೀರು ಆವಿಯಾಗಲು ಮುಕ್ಕಾಲು ಯೂನಿಟ್ ಕರೆಂಟಿನಷ್ಟು ಶಾಖ ಸಾಕು, ಒಂದು ಕಿಲೋ ಒಣ ಸೌದೆಯಲ್ಲಿ ಸುಮಾರು ಐದು ಯೂನಿಟ್ ಇದೆ. ನಷ್ಟ ಅಷ್ಟೇ ತಾನೇ ಅನ್ನಿಸುತ್ತೆ ಅಲ್ವಾ? ಆದರೆ ಆ ನೀರು ಇರುವವರೆಗೆ ಪೆಟ್ಟಿಗೆ ಆ 600 ಡಿಗ್ರಿ ಮುಟ್ಟುವುದೇ ಇಲ್ಲ. ಹೊಗೆ ಉರಿಯದೆ ಹೋಗಿ, ಕೊಳವೆಯೊಳಗೆ ತಣ್ಣಗಾಗಿ ಡಾಂಬರಿನ ಹಾಗೆ ಅಂಟುತ್ತದೆ. ಚಿಮಣಿಗೆ ಬೆಂಕಿ ಹತ್ತುವುದು ಅದರಿಂದಲೇ.

ಈಗ ಬಿಚ್ಚುವ ಕೆಲಸ. ಒಲೆ ಆರಿ ಒಂದು ಪೂರ್ತಿ ದಿನ ಆಗಿರಲಿ. ಬೂದಿಯಲ್ಲಿ ಕೆಂಡ ಎರಡು ಮೂರು ದಿನವೂ ಜೀವ ಹಿಡಿದಿರುತ್ತದೆ. ಹಾಗಾಗಿ ಮುಚ್ಚಳ ಇರುವ ತಗಡಿನ ಡಬ್ಬಿಗೆ ತುಂಬಿ ಮನೆಯ ಹೊರಗಿಡಿ. ಮನೆ ಗುಡಿಸುವ ವ್ಯಾಕ್ಯೂಮ್ ಒಳಗೆ ಹಾಕಬೇಡಿ. ನಮ್ಮನೆಯವರು ಹಾಕಿದರು. ಬೂದಿಯೆಲ್ಲ ಅದರ ಹಿಂದಿನಿಂದ ಹೊರಗೆ ಬಂದು ಸೋಫಾ ಮೇಲೆ ಕೂತಿತು. ಮಾಸ್ಕ್ ಹಾಕಿಕೊಳ್ಳಿ. ಒಲೆ 1980ರ ದಶಕದ್ದೋ ಅದಕ್ಕೂ ಹಳೆಯದೋ ಆಗಿದ್ದರೆ ಬಾಗಿಲಿನ ಅಂಚಿನಲ್ಲಿ ಗಾಳಿ ಸೋರದಂತೆ ಕೂರಿಸಿದ ಹಗ್ಗದಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದು ಶ್ವಾಸಕೋಶಕ್ಕೆ ಕೆಡುಕು ಮಾಡುವ ನಾರು. ಅದನ್ನು ಕೆರೆಯಬೇಡಿ, ತಿಳಿದವರನ್ನೇ ಕರೆಯಿರಿ.

ನಮ್ಮ ಒಲೆಯಲ್ಲಿ ಹಲಗೆ ನಾಲ್ಕು ತೂತಿನ ಕೊಳವೆಗಳ ಮೇಲೆ ಕೂತಿತ್ತು. ಮುಂದಿನ ಕೊಳವೆ ತೆಗೆದರೆ ಹಲಗೆ ಕೆಳಗಿಳಿಯುತ್ತದೆ. ಆ ಕೊಳವೆಯನ್ನು ಹಿಡಿದಿದ್ದು ಒಂದೇ ಒಂದು ಬೋಲ್ಟು. ಆದರೆ ಅದರ ತಲೆ ತುಕ್ಕು ಹಿಡಿದು ಗುಂಡಗಾಗಿತ್ತು. ಮಲಗಿಕೊಂಡು, ಟಾರ್ಚ್ ಬಾಯಲ್ಲಿ ಕಚ್ಚಿಕೊಂಡು ಸ್ಪ್ಯಾನರ್ ಹಾಕಿದೆ. ಜಾರಿತು. ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಆರು ಮೂಲೆಯ ಸಾಕೆಟ್ ಬಡಿದು ಕೂರಿಸಿ, ಮೊದಲು ಒಂಚೂರು ಬಿಗಿ ಮಾಡಿದೆ, ಆಮೇಲೆ ಸಡಿಲ. ಮತ್ತೆ ಬಿಗಿ, ಮತ್ತೆ ಸಡಿಲ. ‘ಟಕ್’ ಅಂತ ಒಂದು ಸದ್ದು. ಬೋಲ್ಟ್ ಮುರಿಯಿತು ಅಂತ ಎದೆ ಧಸಕ್ಕೆಂದಿತು. ಮುರಿದಿರಲಿಲ್ಲ, ಬಿಟ್ಟುಕೊಂಡಿತ್ತು. ವಾಪಸ್ ಹಾಕುವಾಗ ಸ್ಟೇನ್‌ಲೆಸ್ ಬೋಲ್ಟಿಗೆ ಬಿಸಿ ತಡೆಯುವ ಗ್ರೀಸ್ ಹಚ್ಚಿ ಹಾಕಿದೆ. ಮುಂದಿನ ವರ್ಷ ಎರಡು ನಿಮಿಷದಲ್ಲಿ ಬಂತು.

ಹಲಗೆ ಓರೆ ಮಾಡಿದ್ದೇ ತಡ, ಮೇಲಿನಿಂದ ಮಸಿ ಸುರಿಯಿತು. ಒಣಗಿದ ಎಲೆ ಪುಡಿ ಮಾಡಿದ ಹಾಗೆ, ಕರ್ರಗೆ, ಹಗುರ. ಅರ್ಧ ಬಕೆಟ್ ಆಯ್ತು. ನಡೆದದ್ದು ಇಷ್ಟೇ. ಪ್ರತಿ ವರ್ಷ ಚಿಮಣಿ ಗುಡಿಸುವವನು ಬರುತ್ತಿದ್ದ, ಮೇಲಿನಿಂದ ಬ್ರಷ್ ಇಳಿಸುತ್ತಿದ್ದ, ದುಡ್ಡು ತೆಗೆದುಕೊಂಡು ಹೋಗುತ್ತಿದ್ದ. ಉದುರಿದ ಮಸಿ ಹಲಗೆಯ ಮೇಲೆ ಕೂರುತ್ತಿತ್ತು. ಅದನ್ನು ತೆಗೆಯಬೇಕು ಅಂತ ಅವನು ಹೇಳಲಿಲ್ಲ, ನಾವು ಕೇಳಲಿಲ್ಲ. ಹೊಗೆ ಹೋಗುವ ದಾರಿ ಮೂರು ಬೆರಳಿನಷ್ಟು ಉಳಿದಿತ್ತು. ಆ ಒಲೆ ಅಷ್ಟಾದರೂ ಉರಿದಿದ್ದೇ ದೊಡ್ಡದು.

ಹಲಗೆ ವರ್ಮಿಕ್ಯುಲೈಟ್ ಅನ್ನುವ, ಬಿಸಿ ತಡೆಯುವ ಹಗುರ ಖನಿಜದ್ದಾದರೆ ಹುಷಾರು, ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ಕೂದಲೆಳೆ ಬಿರುಕಿದ್ದರೆ ನಡೆಯುತ್ತದೆ, ಎರಡು ತುಂಡಾಗಿದ್ದರೆ ಹೊಸದೇ ಬೇಕು. ವಾಪಸ್ ಇಡುವಾಗ ಹಿಂದಿನ ಗೋಡೆಗೆ ಒತ್ತಿ ಕೂರಿಸಿ. ಹಿಂದೆ ಸಂದಿ ಬಿಟ್ಟರೆ ಹೊಗೆ ಸುತ್ತಿ ಬರದೆ ನೆಟ್ಟಗೆ ಮೇಲೇರುತ್ತದೆ. ಪಕ್ಕದ ಬೆಂಕಿ ಇಟ್ಟಿಗೆಗೂ ಇದೇ ಮಾತು. ಸೀಳಿದ್ದರೆ ಚಿಂತೆಯಿಲ್ಲ, ಪುಡಿಯಾಗುತ್ತಿದ್ದರೆ ಬದಲಾಯಿಸಿ. ಚಿಮಣಿಯ ತುದಿಯಲ್ಲಿ ಹಕ್ಕಿ ಬರದಂತೆ ಹಾಕಿದ ಜಾಲರಿಯೂ ಮಸಿ ಕಟ್ಟುತ್ತದೆ. ಅದಕ್ಕೆ ಮಾತ್ರ ಜನ ಕರೆಯಿರಿ. ಮಂಜು ಕೂತ ಮಾಡಿನ ಮೇಲೆ ಹತ್ತುವ ಸಾಹಸ ಬೇಡ.

ಆಮೇಲೆ ಬಾಗಿಲಿನ ಹಗ್ಗ. ಬಾಗಿಲಿಗೆ ಒಂದು ಕಾಗದದ ಪಟ್ಟಿ ಸಿಕ್ಕಿಸಿ ಮುಚ್ಚಿ, ಎಳೆಯಿರಿ. ಸುಮ್ನೆ ಜಾರಿ ಬಂದರೆ ಅಲ್ಲಿ ಗಾಳಿ ಸೋರುತ್ತಿದೆ. ಸುತ್ತಲೂ ಹೀಗೇ ನೋಡಿ. ಹಳೇ ಹಗ್ಗದ ದಪ್ಪದ್ದೇ ಹೊಸದು ತನ್ನಿ. ಹಗ್ಗ ಕೂರುವ ತೋಡನ್ನು ತಂತಿ ಬ್ರಷ್‌ನಿಂದ ಉಜ್ಜಿ, ಬಿಸಿ ತಡೆಯುವ ಅಂಟು ಹಚ್ಚಿ, ಹಗ್ಗವನ್ನು ಎಳೆಯದೆ, ಸ್ವಲ್ಪ ಒತ್ತಿ ಒತ್ತಿ ಕೂರಿಸಿ. ನಾನು ನೀಟಾಗಿ ಕಾಣಲಿ ಅಂತ ಎಳೆದು ಅಂಟಿಸಿದೆ. ವಾರದಲ್ಲಿ ಅದು ಕುಗ್ಗಿ, ಎರಡು ತುದಿಗಳ ನಡುವೆ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತು. ಮತ್ತೆ ಮೊದಲಿನಿಂದ.

ಬಿಸಿ ಗಾಳಿಯನ್ನು ಕೋಣೆಗೆ ತಳ್ಳುವ ಫ್ಯಾನ್ ಒಲೆಗಿದ್ದರೆ ಪ್ಲಗ್ ತೆಗೆದು ರೆಕ್ಕೆಯ ಧೂಳು ಒರೆಸಿ. ಇಷ್ಟೆಲ್ಲ ಮಾಡಿಯೂ ಕೋಣೆ ಬಿಸಿಯಾಗದಿದ್ದರೆ ಶಾಖ ಪೆಟ್ಟಿಗೆಯ ಹಿಂದಿನ ಪೊಳ್ಳಿನಿಂದ ಚಿಮಣಿಗೆ ಏರುತ್ತಿರಬಹುದು. ಚಿಮಣಿಗೆ ಹೋಗುವ ಕೊಳವೆಯ ಸುತ್ತ ತಗಡು ಮುಚ್ಚಿಸಬೇಕಾಗುತ್ತದೆ. ಅದಕ್ಕೆ ಇಡೀ ಪೆಟ್ಟಿಗೆ ಹೊರಗೆಳೆಯಬೇಕು, ನೂರೈವತ್ತು ಕಿಲೋಗೂ ಜಾಸ್ತಿ ಇರಬಹುದು. ನಾವು ಆ ಕೆಲಸಕ್ಕೆ ಕೈ ಹಾಕಲಿಲ್ಲ, ಮಾಡಿಸಿದೆವು. ಇನ್ನೊಂದು, ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ? ಬೆಂಕಿ ಸರಿಯಾಗಿ ಉರಿಯದಿದ್ದಾಗ ಹುಟ್ಟುವ ಆ ವಿಷಾನಿಲಕ್ಕೆ ವಾಸನೆ ಇಲ್ಲ. ಉಸಿರು ಕಟ್ಟಿದ ಒಲೆ, ಮಲಗಿದ ಮಗು. ಇಲ್ಲದಿದ್ದರೆ ಇವತ್ತೇ ತನ್ನಿ, ಅಲ್ಲಿವರೆಗೆ ಒಲೆ ಹಚ್ಚಬೇಡಿ.

ಅಂಟು ಒಣಗಲು ಒಂದು ದಿನ ಬಿಟ್ಟು ಮೊದಲು ಚಿಕ್ಕ ಬೆಂಕಿ ಮಾಡಿದೆವು. ಮರುದಿನ ಅಜ್ಜಿಯ ಮನೆಯಿಂದ ತಂದ ಒಣ ಸೌದೆ ನಾಲ್ಕು ತುಂಡು. ಹದಿನೈದು ನಿಮಿಷಕ್ಕೆ ಮೇಲಿನ ತೂತುಗಳಿಂದ ಒಂದೊಂದಾಗಿ ಜ್ವಾಲೆ ಹೊರಟಿತು, ಗ್ಯಾಸ್ ಸ್ಟವ್ ಬರ್ನರ್ ತಲೆಕೆಳಗಾಗಿ ಹಿಡಿದ ಹಾಗೆ. ಮೂರು ವರ್ಷದಲ್ಲಿ ನಾವು ಅದನ್ನು ಒಮ್ಮೆಯೂ ಕಂಡಿರಲಿಲ್ಲ. ನಮ್ಮನೆಯವರು ಕೋಟು ಬಿಚ್ಚಿ ಕುರ್ಚಿಗೆ ಹಾಕಿದರು. ಗಾಜಿನ ಕಪ್ಪು ಒದ್ದೆ ಪೇಪರಿಗೆ ಬೂದಿ ಅದ್ದಿ ಉಜ್ಜಿದರೆ ಹೋಗುತ್ತದೆ, ಅದಕ್ಕೆ ಬೇರೇನೂ ಕೊಳ್ಳಬೇಡಿ.

ಸೌದೆ ಸೀಳಿ ಮೀಟರ್ ಎಷ್ಟು ತೋರಿಸಿತು, ಹಲಗೆಯ ಮೇಲೆ ಎಷ್ಟು ಮಸಿ ಇತ್ತು, ಬಾಗಿಲಿನ ಯಾವ ಮೂಲೆಯಲ್ಲಿ ಕಾಗದ ಜಾರಿತು, ಇಷ್ಟು ಬರೆಯಿರಿ. ಬದುಕಿನ ಪ್ರಶ್ನೆಗೆ ನಿಮ್ಮ ಮಗು ಒಂದೇ ಸ್ವೆಟರಿಗೆ ಇಳಿದ ಮೇಲೆ ಉತ್ತರ ಬರೆಯುತ್ತೇನೆ.