ಜಪಾನಿನ ಸೊಫುಬಿ, ಅಂದ್ರೆ ಮೆತ್ತನೆ ವಿನೈಲ್ ಗೊಂಬೆ ಕಲೆಕ್ಟ್ ಮಾಡೋಕೆ ಶುರು ಮಾಡಿದೀನಿ, ಟೋಕಿಯೋ ಶೋಗೂ ಹೋಗ್ತಿದೀನಿ. ಬ್ಲಾಗ್ ಈಗ ಯಾರೂ ಓದಲ್ವಲ್ಲ, ಇನ್‌ಸ್ಟಾಗ್ರಾಂ ಒಂದೇ ಸಾಕಾ?

ಸಾಕಾಗಲ್ಲ. ಯಾರೂ ಓದಲ್ಲ ಅನ್ಕೊಂಡೇ ನಾನೂ ಬ್ಲಾಗ್ ನಿಲ್ಸಿದವನು, ಅದಕ್ಕೇ ಸ್ವಲ್ಪ ಉದ್ದ ಬರೀತಿದೀನಿ, ಬೇಜಾರ್ ಮಾಡ್ಕೋಬೇಡಿ.

ಕೆಲಸದ ಮೇಲೆ ಟೋಕಿಯೋಗೆ ಹೋದಾಗ ತುಂಬಾ ಜನ ಐಟಿಯವ್ರ ಥರ ನಾನೂ ನಿಶಿ ಕಸಾಯ್‌ನಲ್ಲೇ ಮನೆ ಮಾಡಿದ್ದೆ. ಗೊಂಬೆ ಗಿಂಬೆ ಏನೂ ತಲೇಲಿರ್ಲಿಲ್ಲ. ಆಫೀಸಿನ ಜಪಾನಿ ಸಹೋದ್ಯೋಗಿ ಒಬ್ರು ಒಂದ್ ಭಾನುವಾರ ನಕಾನೋ ಬ್ರಾಡ್‌ವೇಗೆ ಕರ್ಕೊಂಡು ಹೋದ್ರು. ಹಳೇ ಕಾಂಪ್ಲೆಕ್ಸು ಅದು, ಒಳಗೆ ಹಳೇ ಕಾಮಿಕ್ಸು, ಗೊಂಬೆ ಮಾರೋ ಮಂದರಾಕೆಯವರ ಅಂಗಡಿಗಳು ಮಹಡಿ ಮಹಡಿಗೂ ಹರಡ್ಕೊಂಡಿವೆ. ಅಲ್ಲಿ ಗಾಜಿನ ಕಪಾಟಲ್ಲಿ ಸಾಲಾಗಿ ರಾಕ್ಷಸರು ನಿಂತಿದ್ರು, ಮೈ ಬಣ್ಣ ಒಂದಾದ್ರೆ ಮೇಲೆ ಸ್ಪ್ರೇ ಹೊಡೆದಿರೋದು ಗುಲಾಬಿ, ಬೆಳ್ಳಿ, ಹಸಿರು, ಯಾವ್ದಕ್ಕೂ ಯಾವ್ದೂ ಮ್ಯಾಚ್ ಇಲ್ಲ ಆದ್ರೂ ಕಣ್ಣು ಕೀಳೋಕಾಗಲ್ಲ. 1966ರಲ್ಲಿ ಟೀವಿಲಿ ರಾಕ್ಷಸರ ಜೊತೆ ಹೊಡೆದಾಡೋ ಹೀರೋ ಅಲ್ಟ್ರಾಮ್ಯಾನ್ ಬರ್ತಿದ್ದಾಗ ಮಾರುಸಾನ್ ಅನ್ನೋ ಕಂಪನಿ ಆ ರಾಕ್ಷಸರನ್ನ ಮೆತ್ತನೆ ವಿನೈಲ್‌ನಲ್ಲಿ ಮಕ್ಕಳಿಗೋಸ್ಕರ ಮಾಡಿ ಮಾರ್ತಂತೆ, ಅದು ಮುಚ್ಚಿದ ಮೇಲೆ ಬುಲ್‌ಮಾರ್ಕ್ ಅನ್ನೋರು ಮುಂದುವರ್ಸಿದ್ರಂತೆ, 1977ರಲ್ಲಿ ಅವ್ರೂ ಮುಳುಗಿದ್ರಂತೆ. ಆ ಗೊಂಬೆ ಜೊತೆ ಆಡಿದ ಮಕ್ಕಳೇ ದೊಡ್ಡವರಾಗಿ ತಮ್ಮದೇ ಗೊಂಬೆ ಮಾಡೋಕೆ ಶುರು ಮಾಡಿದ್ರು. ನೀವು ಇವತ್ತು ಕಲೆಕ್ಟ್ ಮಾಡ್ತಿರೋ ಸೊಫುಬಿ ಹುಟ್ಟಿದ್ದು ಹಾಗೆ.

ಈಗ ಒಂದು ವಿಷ್ಯ ಅರ್ಥ ಮಾಡ್ಕೊಳ್ಳಿ, ಇಲ್ಲಾಂದ್ರೆ ನಾನು ಯಾಕೆ ಬ್ಲಾಗ್ ಬ್ಲಾಗ್ ಅಂತಿದೀನಿ ಅನ್ನೋದು ಗೊತ್ತಾಗಲ್ಲ. ಸೊಫುಬಿ ಮಾಡೋದು ಹೇಗೆ ಅಂದ್ರೆ, ಮೇಣದಲ್ಲಿ ಗೊಂಬೆ ಮಾಡಿ ಅದರಿಂದ ಲೋಹದ ಅಚ್ಚು ತೆಗೀತಾರೆ, ಅಚ್ಚಿಗೆ ದ್ರವ ವಿನೈಲ್ ಸುರಿದು ಬಿಸಿ ಮಾಡ್ತಾರೆ, ಗೋಡೆಗೆ ಅಂಟಿದ್ದು ಗಟ್ಟಿಯಾದ ಮೇಲೆ ನಡುವೆ ಉಳಿದಿದ್ದನ್ನ ವಾಪಸ್ ಸುರೀತಾರೆ, ಆಮೇಲೆ ಇನ್ನೂ ಬಿಸಿ ಇರೋವಾಗ್ಲೇ ಇಕ್ಕಳದಲ್ಲಿ ಹಿಡಿದು ಎಳೀತಾರೆ. ಅಚ್ಚು ಮಾಡ್ಸೋಕೆ ದುಡ್ಡು ಜಾಸ್ತಿ, ಬಣ್ಣ ಬದಲಾಯ್ಸೋಕೆ ಕಮ್ಮಿ. ಹಾಗಾಗಿ ಒಂದೇ ಅಚ್ಚಲ್ಲಿ ವರ್ಷಾನುಗಟ್ಟಲೆ ಬೇರೆ ಬೇರೆ ಬಣ್ಣದಲ್ಲಿ ತೆಗೀತಾನೇ ಇರ್ತಾರೆ, ಎಷ್ಟೋ ಬಣ್ಣ ಒಂದೇ ಒಂದು ಶೋನಲ್ಲಿ, ಒಂದೇ ಒಂದು ಟೇಬಲ್ ಮೇಲೆ ಬೆಳಗ್ಗೆ ಬಂದು ಮಧ್ಯಾಹ್ನದೊಳಗೆ ಖಾಲಿ. ಗೊಂಬೆ ಕಾಲಡಿ ಮೇಕರ್ ಹೆಸರು ಇದ್ರೆ ಹೆಚ್ಚು. ಯಾವ ವರ್ಷದ್ದು, ಯಾವ ಶೋದು ಅಂತ ಗೊಂಬೆ ನೋಡಿ ಹೇಳೋಕಾಗಲ್ಲ. ಕವರ್ ಮೇಲೆ ಪಿನ್ ಹೊಡೆದಿರೋ ಹೆಡರ್ ಕಾರ್ಡ್ ಇದೆಯಲ್ಲ, ಅದನ್ನ ಬಿಟ್ರೆ ಆ ಮಾಹಿತಿ ಇರೋದು ಅವತ್ತು ಅಲ್ಲಿದ್ದವ್ರ ತಲೇಲಿ ಮಾತ್ರ.

ನಾನು ಬ್ಲಾಗ್‌ನಲ್ಲಿ ಬರೀತಿದ್ದಿದ್ದು ಇದನ್ನೇ. ಕಿತಾನೋಮಾರು ಪಾರ್ಕ್ ಒಳಗಿರೋ ಸೈನ್ಸ್ ಮ್ಯೂಸಿಯಂನಲ್ಲಿ ಸೂಪರ್ ಫೆಸ್ಟಿವಲ್ ಅನ್ನೋ ಗೊಂಬೆ ಶೋ ಆಗ್ತಿತ್ತು, ಸೊಫುಬಿಯವ್ರಿಗೆ ಅದು ಮನೆ ಹಬ್ಬ. ಬೆಳಗ್ಗೆ ಲೈನ್‌ನಲ್ಲಿ ನಿಂತು ಒಳಗೆ ಹೋಗಿ ಟೇಬಲ್ ಟೇಬಲ್‌ಗೂ ಹೋಗೋದು, ಕೇಳಿ ಫೋಟೋ ತೆಗ್ಯೋದು, ಬಣ್ಣ, ಬೆಲೆ, ಹೆಡರ್ ಯಾವ್ದು, ಚೀಟಿ ಎತ್ತಿ ಕೊಟ್ರಾ ಮೊದಲು ಬಂದವ್ರಿಗೆ ಕೊಟ್ರಾ, ಎಲ್ಲಾ ಬರ್ಕೊಂಡು ರಾತ್ರಿ ಪೋಸ್ಟ್ ಹಾಕೋದು. ಓದೋರು ಜಾಸ್ತಿ ಇರ್ಲಿಲ್ಲ, ಆದ್ರೆ ಇದ್ದವ್ರು ಪಕ್ಕಾ ಇದ್ರು, ಅಮೆರಿಕಾದಿಂದ, ಸ್ಪೇನ್‌ನಿಂದ, ಥಾಯ್ಲೆಂಡ್‌ನಿಂದ ಕಮೆಂಟ್ ಹಾಕೋರು, "ಆ ಹಸಿರು ಬಣ್ಣ ನೀವು ಹೇಳಿದ್ದಕ್ಕಿಂತ ಒಂದ್ ವರ್ಷ ಮುಂಚೇನೂ ಬಂದಿತ್ತು" ಅಂತ ತಿದ್ದೋರು. ಅಷ್ಟು ಸಂತೋಷ ನಂಗೆ ಗೊಂಬೆ ಸಿಕ್ಕಾಗ್ಲೂ ಆಗ್ತಿರ್ಲಿಲ್ಲ.

2013ರ ಜುಲೈ 1ಕ್ಕೆ ಗೂಗಲ್ ರೀಡರ್ ಮುಚ್ಚಿದ್ರು, ಬೇರೆ ಬೇರೆ ಬ್ಲಾಗ್‌ಗಳ ಹೊಸ ಪೋಸ್ಟ್ ಎಲ್ಲಾ ಒಂದೇ ಕಡೆ ಓದೋ ಸೇವೆ ಅದು. ನನ್ನ ಬ್ಲಾಗಿಗೆ ಬರ್ತಿದ್ದವ್ರಲ್ಲಿ ಬಹಳಷ್ಟು ಜನ ಅದ್ರಿಂದಾನೇ ಬರ್ತಿದ್ರು ಅನ್ನೋದು ಅದು ಹೋದ್ಮೇಲೇ ಗೊತ್ತಾಗಿದ್ದು. ಕಮೆಂಟ್ ಕಮ್ಮಿ ಆಯ್ತು, ಎಲ್ರೂ ಇನ್‌ಸ್ಟಾಗ್ರಾಂಗೆ ಹೋದ್ರು, ನಾನೂ ಹೋದೆ.

ನಾನು ಮಾಡಿದ ತಪ್ಪು ಅದಲ್ಲ. ಇನ್‌ಸ್ಟಾಗ್ರಾಂಗೆ ಹೋಗಿದ್ದು ತಪ್ಪು ಅಂತ ನಾನು ಇವತ್ತಿಗೂ ಹೇಳಲ್ಲ. ತಪ್ಪು ಏನು ಅಂತ ಬಿಡ್ಸಿ ಹೇಳ್ತೀನಿ ಕೇಳಿ, ನೀವೂ ಇದನ್ನೇ ಮಾಡೋ ಚಾನ್ಸ್ ಇದೆ. ಬ್ಲಾಗ್‌ನಲ್ಲಿ ಅಕ್ಷರ ಒಂದ್ ಕಡೆ ಇತ್ತು, ಫೋಟೋ ಇನ್ನೊಂದ್ ಕಡೆ. ಫೋಟೋ ಎಲ್ಲಾ ಒಂದು ಫ್ರೀ ಹೋಸ್ಟಿಂಗ್ ಸೈಟಿಗೆ ಹಾಕಿ ಬ್ಲಾಗಿಗೆ ಬರೀ ಲಿಂಕ್ ಕೊಡ್ತಿದ್ದೆ, ಆಗ ಎಲ್ರೂ ಹಾಗೇ ಮಾಡ್ತಿದ್ರು. ಬೆಂಗಳೂರಿಗೆ ವಾಪಸ್ ಬರೋವಾಗ ಲಗೇಜ್ ಕಮ್ಮಿ ಮಾಡ್ಬೇಕು ಅಂತ ಹಳೇ ಲ್ಯಾಪ್‌ಟಾಪ್ ಹಾರ್ಡ್ ಡಿಸ್ಕ್ ಖಾಲಿ ಮಾಡಿ ಕೊಟ್ಬಿಟ್ಟೆ, ಹೇಗಿದ್ರೂ ನೆಟ್‌ನಲ್ಲಿ ಇದೆಯಲ್ಲ ಅಂತ. ಹೆಡರ್ ಕಾರ್ಡ್‌ಗಳನ್ನೂ ಬಿಸಾಕಿದೆ, ಫೋಟೋ ಇದೆಯಲ್ಲ ಅಂತ. ಬರ್ಕೊಂಡಿದ್ದ ನೋಟ್‌ಬುಕ್ ಕೂಡ ಬಿಸಾಕಿದೆ, ಪೋಸ್ಟ್ ಹಾಕಿದೀನಲ್ಲ ಅಂತ. ಕೆಲವು ವರ್ಷ ಆದ್ಮೇಲೆ ಆ ಸೈಟ್‌ನವ್ರು ರೂಲ್ಸ್ ಬದಲಾಯ್ಸಿದ್ರು, ಬ್ಲಾಗ್‌ನಲ್ಲಿದ್ದ ಫೋಟೋ ಎಲ್ಲಾ ಹೋಯ್ತು. ಲಾಗಿನ್ ಆಗೋಣ ಅಂದ್ರೆ ಆ ಅಕೌಂಟ್ ಇದ್ದಿದ್ದು ಹಳೇ ಆಫೀಸಿನ ಇಮೇಲ್ ಮೇಲೆ, ಆ ಇಮೇಲೇ ಈಗಿಲ್ಲ. ಹಳೇ ವೆಬ್ ಪುಟಗಳನ್ನ ಉಳಿಸಿಡೋ ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿದೆ, ನನ್ನ ಅಕ್ಷರ ಅಷ್ಟೂ ಇದೆ, ಫೋಟೋ ಇರೋ ಜಾಗ ಮಾತ್ರ ಖಾಲಿ. "ಮೇಲಿನ ಫೋಟೋದಲ್ಲಿ ಎಡಗಡೆಯಿಂದ ಎರಡನೇದು" ಅಂತ ಬರೆದಿದೀನಿ, ಮೇಲೆ ಏನೂ ಇಲ್ಲ.

ಹೆಡರ್ ಕಾರ್ಡ್ ಇಲ್ದೆ ನನ್ನ ಗೊಂಬೆ ಬೆಲೆ ಕಮ್ಮಿ ಆಯ್ತು, ಅದು ಇರ್ಲಿ ಬಿಡಿ. ನಂಗೆ ನಿಜವಾಗ್ಲೂ ನೋವಾಗೋದು ಬೇರೆ. ಸೂಪರ್ ಫೆಸ್ಟಿವಲ್‌ಗೆ ಗಂಡ ಹೆಂಡತಿ ಇಬ್ರೇ ಸೇರಿ ಗೊಂಬೆ ತರೋರು, ಅವ್ರಿಗೆ ವೆಬ್‌ಸೈಟ್ ಇರ್ಲಿಲ್ಲ, ಅಂಗಡಿ ಇರ್ಲಿಲ್ಲ, ಮಡಚೋ ಟೇಬಲ್ ಮೇಲೆ ಒಂದಿಷ್ಟು ಗೊಂಬೆ ಜೋಡ್ಸಿ ಹಿಂದೆ ನಿಂತಿರೋರು, ಅಷ್ಟೇ. ಅವ್ರು ತಂದ ಬಣ್ಣ ಎಲ್ಲಾ ನಾನು ಶೋ ಬಿಡದೆ ದಾಖಲೆ ಮಾಡಿದ್ದೆ. ಆಮೇಲೆ ಅವ್ರು ಬರೋದು ನಿಲ್ಸಿದ್ರು. ಈಚೆಗೆ ಒಬ್ರು ಮೇಲ್ ಮಾಡಿ, ಅವ್ರ ಗೊಂಬೆಗಳ ಲಿಸ್ಟ್ ಮಾಡ್ತಿದೀನಿ, ನಿಮ್ಮ ಬ್ಲಾಗ್ ಬಿಟ್ರೆ ಬೇರೆ ಎಲ್ಲೂ ಇಲ್ಲ, ಫೋಟೋ ಕಳ್ಸ್ತೀರಾ ಅಂದ್ರು. ನನ್ನ ಹತ್ರ ಇಲ್ಲ ಅಂತ ಬರೀಬೇಕಾಯ್ತು. ಇಬ್ರು ಮನುಷ್ಯರು ವರ್ಷಗಟ್ಟಲೆ ಮಾಡಿದ ಕೆಲಸದ ಗುರುತು ನನ್ನೊಬ್ಬನ ಕೈಲಿತ್ತು, ನಾನು ಹಾರ್ಡ್ ಡಿಸ್ಕ್ ಜೊತೆ ಕಳ್ದೆ.

ಅದಕ್ಕೇ ನಿಮ್ಮ "ಯಾರೂ ಓದಲ್ಲ" ಅನ್ನೋ ಮಾತನ್ನೇ ನಾನು ಒಪ್ಪಲ್ಲ. ಇವತ್ತು ಓದೋರು ಬೇಡ. ಎಂಟ್ ಹತ್ ವರ್ಷ ಆದ್ಮೇಲೆ ಕೈಲಿ ಒಂದು ಗೊಂಬೆ ಹಿಡ್ಕೊಂಡು ಇದ್ಯಾರ್ದು ಅಂತ ಹುಡುಕೋ ಒಬ್ಬ ಮನುಷ್ಯ ಸಾಕು. ಇನ್‌ಸ್ಟಾಗ್ರಾಂನಲ್ಲಿ ಅವ್ನಿಗೆ ಅದು ಸಿಗಲ್ಲ, ಸ್ಟೋರಿ ಆದ್ರೆ ಒಂದ್ ದಿನಕ್ಕೆ ಮಾಯ, ಪೋಸ್ಟ್ ಆದ್ರೆ ಸಾವಿರ ಪೋಸ್ಟ್ ಕೆಳಗೆ. ಬ್ಲಾಗ್‌ಗಳನ್ನ ಇನ್‌ಸ್ಟಾಗ್ರಾಂ ಕೊಂದಿತು ಅಂತಾರಲ್ಲ, ಅದೂ ಪೂರ್ತಿ ನಿಜ ಅಲ್ಲ. ನಾವೇ ಹೇಳೋದು ನಿಲ್ಸಿದ್ವಿ. ಮಾರಿ ದುಡ್ಡು ಮಾಡೋರು ಜಾಸ್ತಿ ಆದ್ರು, ಯಾವ ಟೇಬಲ್‌ನಲ್ಲಿ ಏನಿದೆ ಅಂತ ಬರೆದ್ರೆ ಮುಂದಿನ ಸಲ ಲೈನ್ ಉದ್ದ ಆಗುತ್ತೆ ಅನ್ನೋ ಭಯಕ್ಕೆ ಗೊತ್ತಿರೋರು ಬಾಯಿ ಮುಚ್ಕೊಂಡ್ರು. ನಂಗೂ ಆ ಭಯ ಇತ್ತು. ಅದು ಸಣ್ಣ ಬುದ್ಧಿ, ಅದ್ರಿಂದ ಯಾರಿಗೂ ಒಳ್ಳೇದಾಗ್ಲಿಲ್ಲ.

ಶೋ ಬಗ್ಗೆ: ವಂಡರ್ ಫೆಸ್ಟಿವಲ್‌ಗೇ ಹೋಗ್ತೀರಾದ್ರೆ ಅದು ಚಿಬಾದ ಮಕುಹಾರಿ ಮೆಸ್ಸೆಲಿ ವರ್ಷಕ್ಕೆ ಎರಡು ಸಲ, ಚಳಿಗಾಲಕ್ಕೊಂದು ಬೇಸಿಗೆಗೊಂದು, ಕೈಹಿನ್ ಮಕುಹಾರಿ ಸ್ಟೇಷನ್‌ನಲ್ಲಿ ಇಳಿದು ನಡ್ಕೊಂಡು ಹೋಗ್ಬಹುದು. ನಡೆಸೋದು ಕೈಯೋದೋ ಕಂಪನಿ. ಅದು ಪೂರ್ತಿ ಸೊಫುಬಿ ಶೋ ಅಲ್ಲ, ಬಹುಪಾಲು ಕೈಯಲ್ಲಿ ಜೋಡಿಸೋ ಗ್ಯಾರೇಜ್ ಕಿಟ್‌ಗಳು. ಅಲ್ಲಿ ಒಂದು ವ್ಯವಸ್ಥೆ ಇದೆ, ಹವ್ಯಾಸಿಗಳಿಗೆ ಕಂಪನಿಯವ್ರ ಕ್ಯಾರೆಕ್ಟರ್‌ಗಳನ್ನ ಆ ಒಂದು ದಿನ, ಆ ಹಾಲ್‌ನೊಳಗೆ ಮಾತ್ರ ಮಾರೋಕೆ ಲೈಸೆನ್ಸ್ ಕೊಡ್ತಾರೆ. ಸಂಜೆ ಹಾಲ್ ಮುಚ್ಚಿತು ಅಂದ್ರೆ ಆ ವಸ್ತು ಮತ್ತೆ ಮಾರೋ ಹಾಗಿಲ್ಲ. ನಿಮ್ಮ ಫೋಟೋ ಎಷ್ಟು ಮುಖ್ಯ ಅಂತ ಇದ್ರಿಂದಾನೇ ಅಂದಾಜು ಮಾಡ್ಕೊಳ್ಳಿ. ಬೆಳಗ್ಗೆ ನಿಮಗೆ ಬೇಕಾದ್ದಕ್ಕೆ ಓಡಿ, ಸಿಕ್ರೆ ಸಿಗ್ತು. ಮಧ್ಯಾಹ್ನದ ಮೇಲೆ ಜನ ಕರಗ್ತಾರೆ, ಮೇಕರ್‌ಗಳು ಸುಸ್ತಾಗಿ ಕೂತಿರ್ತಾರೆ, ಆಗ ಹೋಗಿ ನಿಧಾನಕ್ಕೆ ಮಾತಾಡ್ಸಿ. ಫೋಟೋಗೆ ಮೊದಲು ಕೇಳಿ, ಬೇಡ ಅಂದ್ರೆ ಬಿಡಿ. ಹೆಡರ್ ಕಾರ್ಡ್‌ನ ಎರಡೂ ಕಡೆ, ಗೊಂಬೆ ಕಾಲಡಿ, ಬೆಲೆ ಬರೆದ ಚೀಟಿ, ಈ ನಾಲ್ಕು ಫೋಟೋ ತಪ್ಪಿಸ್ಬೇಡಿ.

ಫೋಟೋದ ಮೂಲ ಕಾಪಿ ನಿಮ್ಮನೇಲಿ ಒಂದು ಡಿಸ್ಕ್‌ನಲ್ಲಿ, ಇನ್ನೊಂದು ಕಾಪಿ ಬೇರೆಯವ್ರ ಮನೇಲಿ. ಅಕೌಂಟ್ ಎಲ್ಲಾ ನಿಮ್ಮ ಸ್ವಂತ ಇಮೇಲ್ ಮೇಲೆ. ಬ್ಲಾಗ್ ಕನ್ನಡದಲ್ಲೇ ಬರೀರಿ, ನಂಗಂತೂ ಖುಷಿ, ಆದ್ರೆ ಮೇಕರ್ ಹೆಸ್ರು, ಗೊಂಬೆ ಹೆಸ್ರು, ಬಣ್ಣದ ಹೆಸ್ರು ಮಾತ್ರ ಹೆಡರ್ ಮೇಲಿರೋ ಹಾಗೇ ಜಪಾನಿ ಅಕ್ಷರದಲ್ಲೂ ಹಾಕಿ, ಇಲ್ಲಾಂದ್ರೆ ಅಲ್ಲಿನವ್ರು ಹುಡುಕಿದಾಗ ನಿಮ್ಮ ಪೋಸ್ಟ್ ಸಿಗಲ್ಲ. ಶುರು ಮಾಡಿದ್ರೆ ಇಲ್ಲೇ ಕೆಳಗೆ ಲಿಂಕ್ ಹಾಕಿ, ತಪ್ಪಿದ್ರೆ ತಿದ್ದೋಕೆ ನಾನಿದೀನಿ.