ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ: ದಾರಿಯಲ್ಲಿ ಪೆಟ್ರೋಲ್ ಸಿಗುತ್ತಾ?

ಕೆನಡಾದ ಲೇಕ್ ಲೂಯಿಸ್‌ನಿಂದ ಜಾಸ್ಪರ್‌ಗೆ ಅಕ್ಟೋಬರ್ ಕೊನೆಯಲ್ಲಿ ಕಾರಿನಲ್ಲಿ ಹೋಗುತ್ತೇವೆ, ದಾರಿಯಲ್ಲಿ ಪೆಟ್ರೋಲ್ ಸಿಗುತ್ತಾ ಅಂತ ಕೇಳಿದ್ದೀರಿ. ಬ್ಯಾನ್ಫ್ ರಾಷ್ಟ್ರೀಯ ಉದ್ಯಾನದೊಳಗೆ ಹೆದ್ದಾರಿ 93 ಮತ್ತು 11 ಸೇರುವ ಸಸ್ಕಾಚೆವಾನ್ ರಿವರ್ ಕ್ರಾಸಿಂಗ್‌ನಲ್ಲಿ ಬಂಕ್ ಇದೆ. ಲೇಕ್ ಲೂಯಿಸ್‌ನಿಂದ ಸುಮಾರು 80 ಕಿ.ಮೀ. ಆದರೆ ಚಳಿಗಾಲದಲ್ಲಿ ಅದು ಮುಚ್ಚಿರುತ್ತದೆ. ಅದನ್ನು ನಂಬಿ ಹೊರಡಬೇಡಿ, ದಯವಿಟ್ಟು ಲೇಕ್ ಲೂಯಿಸ್‌ನಲ್ಲೇ ಟ್ಯಾಂಕ್ ತುಂಬಿಸಿ. ಜಾಸ್ಪರ್‌ವರೆಗೆ 230 ಕಿ.ಮೀ. ದಾರಿ, ಜಾಸ್ತಿ ಕಡೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ನವೆಂಬರ್ 1ರಿಂದ ಹಿಮದ ಟೈರ್ ಅಥವಾ ಚೈನ್ ಕಡ್ಡಾಯ, ವಾಪಸ್ ಬರುವ ದಿನ ನೋಡಿಕೊಳ್ಳಿ.

ಕ್ರಾಸಿಂಗ್‌ಗಿಂತ ಸ್ವಲ್ಪ ಮೊದಲು ಮಿಸ್ಟಾಯಾ ಕಣಿವೆ ಸಿಗುತ್ತದೆ. ಸಣ್ಣ ನಡಿಗೆ ಅಷ್ಟೆ. ಕಲ್ಲು ಕೊರೆದು ನುಗ್ಗುವ ಆ ನೀರನ್ನು ನೋಡದೆ ಮುಂದೆ ಹೋಗಲೇಬೇಡಿ!