ನಿನಗೆ ಐದು ನಿಮಿಷದ ಕೆಲಸ ಅಲ್ವಾ?

(ಗುರುತು ಸಿಗಬಾರದೆಂದು ಊರು, ನೆಂಟಸ್ತಿಕೆ, ಕೆಲವು ಲೆಕ್ಕಗಳನ್ನು ಬದಲಿಸಿದ್ದೇನೆ. ಗಂಡ ಹೆಂಡತಿ ಇಬ್ಬರೂ ಓದಿ ಒಪ್ಪಿದ್ದಾರೆ.)

ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್ ಮುಹೂರ್ತ ಕಳೆದು ಒಂದು ವಾರಕ್ಕೆ ಅವರು ಬಂದರು. 2024ರ ಸೆಪ್ಟೆಂಬರ್. ಮೂವತ್ತೈದರ ಆಸುಪಾಸು, ಅರೆಭಾಷೆ ಗೌಡರ ಮನೆಯವರು. ಕುಶಾಲನಗರದ ಕಡೆ ಸಣ್ಣ ಆಫೀಸ್ ಇಟ್ಟುಕೊಂಡು ಆದಾಯ ತೆರಿಗೆ, ಜಿಎಸ್‌ಟಿ ಕೆಲಸ ಮಾಡುತ್ತಾರೆ. ಸಿಎ ಓದಿದವರಲ್ಲ. ಆದರೆ ನಮ್ಮ ಕಡೆ ತೆರಿಗೆ ಲೆಕ್ಕ ನೋಡುವವರೆಲ್ಲ ಆಡಿಟರೇ. ನಾನೂ ಹಾಗೇ ಕರೆಯುತ್ತೇನೆ.

"ನಿದ್ದೆ ಬರಲ್ಲ ಮೇಡಂ" ಎಂದರು. ಫೋನ್ ಸದ್ದಾದರೆ ಎದೆ ಡವಡವ. ನೆಂಟರ ಹೆಸರು ಕಂಡರೆ ಎತ್ತುವುದೇ ಇಲ್ಲ. ಡಾಕ್ಟರ್ ಬಿಪಿ ನೋಡಿ, ಮೈಗೇನೂ ಆಗಿಲ್ಲ ಎಂದು ಆಪ್ತಸಲಹೆಗೆ ನನ್ನ ಹತ್ತಿರ ಕಳಿಸಿದ್ದರು.

ಆದದ್ದು ಇಷ್ಟು. ರಿಟರ್ನ್ ಸಲ್ಲಿಸಲು ಜುಲೈ 31 ಕೊನೆ ದಿನ. ಆ ವಾರ ಜೋರು ಮಳೆ, ಕರೆಂಟ್ ಇಲ್ಲ, ಇನ್ವರ್ಟರ್ ಕೂಡ ಕೈಕೊಟ್ಟಿತು. ಮೇಷ್ಟ್ರಾಗಿರುವ ಚಿಕ್ಕಪ್ಪ ಕಾಗದ ಪತ್ರಗಳನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದು 29ರ ರಾತ್ರಿ. ಅರ್ಧ ಫೋಟೊ ಮಸುಕು. ಅವರ ರಿಟರ್ನ್ ಉಳಿದುಹೋಯಿತು. ತಡವಾಗಿದ್ದಕ್ಕೆ 5,000 ರೂಪಾಯಿ ಕಟ್ಟಬೇಕಾಯಿತು. ಅದಕ್ಕಿಂತ ಜಾಸ್ತಿ ನೋವಾದದ್ದು ಇನ್ನೊಂದಕ್ಕೆ. ಸಂಬಳದವರು ಗಡುವು ದಾಟಿಸಿದರೆ ಹಳೆ ತೆರಿಗೆ ಪದ್ಧತಿ ಆರಿಸಿಕೊಳ್ಳುವ ಹಾಗಿಲ್ಲ. ಚಿಕ್ಕಪ್ಪನ ಮನೆ ಸಾಲದ ಬಡ್ಡಿ, ವಿಮೆ ಕಂತು ಯಾವುದಕ್ಕೂ ವಿನಾಯಿತಿ ಸಿಗಲಿಲ್ಲ.

ಫೀಸ್ ಕೊಡುವ ಇಬ್ಬರ ಕೆಲಸವೂ ಆ ರಾತ್ರಿ ಉಳಿದಿತ್ತಂತೆ. ಅವರು ಒಂದು ಮಾತೂ ಆಡದೆ ಬೇರೆ ಕಡೆ ಹೋದರು. ಮಾತಾಡಿದ್ದು ಪುಕ್ಕಟೆ ಮಾಡಿಸಿಕೊಂಡವರು. ಕೈಲ್ ಮುಹೂರ್ತದ ಊಟಕ್ಕೆ ಎಲ್ಲರೂ ಕೂತಿದ್ದಾಗ ಚಿಕ್ಕಪ್ಪ ನಗುತ್ತಲೇ ಹೇಳಿದರಂತೆ, "ಮನೆಯಲ್ಲೇ ಆಡಿಟರ್ ಇದ್ದಾನೆ, ಅದಕ್ಕೇ ದಂಡ ಕಟ್ಟಿದ್ದೀನಿ." ಎಲ್ಲರೂ ನಕ್ಕರು. ಇವರ ಎಲೆಯಲ್ಲಿ ಕಡಂಬಿಟ್ಟು, ಅಕ್ಕಿ ತರಿಯ ಉಂಡೆ, ಹಾಗೇ ಉಳಿಯಿತು.

ಮೊದಲ ದಿನ ನಾನು ಸಲಹೆ ಏನೂ ಕೊಡಲಿಲ್ಲ. ಒಂದು ನೋಟ್‌ಬುಕ್ ತಂದು, ಆ ವರ್ಷ ಪುಕ್ಕಟೆ ಮಾಡಿದ ಕೆಲಸವನ್ನೆಲ್ಲ ಬರೆಯಲು ಹೇಳಿದೆ. ಯಾರದ್ದು, ಎಷ್ಟು ಹೊತ್ತು ಹಿಡಿಯಿತು, ಯಾಕೆ ಒಪ್ಪಿದಿರಿ. ಮುಂದಿನ ವಾರ ಬಂದಾಗ ಪಟ್ಟಿ 41ಕ್ಕೆ ಮುಟ್ಟಿತ್ತು. ಅದರಲ್ಲಿ ಹೋಮ್‌ಸ್ಟೇ ನಡೆಸುವ ಭಾವನ ಗೆಳೆಯನೂ ಇದ್ದ!

"ಎಲ್ರೂ ಒಂದೇ ಮಾತು ಹೇಳೋದು ಮೇಡಂ. ನಿನಗೆ ಐದು ನಿಮಿಷದ ಕೆಲಸ ಅಲ್ವಾ?"

ಐದು ನಿಮಿಷದ್ದು ಯಾವುದು ಎಂದು ಕೇಳಿದೆ. ಅವರಿಗೆ ಸಿಟ್ಟು ಬಂತು, ಒಳ್ಳೆಯದೇ ಆಯಿತು. ಕಾಫಿ ಲೆಕ್ಕ ಹೇಳತೊಡಗಿದರು. ಬೆಳೆಗಾರ ಕಾಫಿಯನ್ನು ಹಾಗೇ ಮಾರಿದರೆ ಅದು ಕೃಷಿ ಆದಾಯ. ತಾನೇ ಕ್ಯೂರಿಂಗ್, ಅಂದರೆ ಸಿಪ್ಪೆ ತೆಗೆಸಿ ಬೀಜ ಹದ ಮಾಡಿಸಿ ಮಾರಿದರೆ 25 ಪರ್ಸೆಂಟ್ ವ್ಯಾಪಾರದ ಆದಾಯ ಆಗುತ್ತದೆ. ಹುರಿದು ಪುಡಿ ಮಾಡಿ ಮಾರಿದರೆ 40. ಒಂದೇ ತೋಟದವರು ಮೂರೂ ಮಾಡುತ್ತಾರೆ, ಬಿಲ್ ಮಾತ್ರ ಇಟ್ಟಿರುವುದಿಲ್ಲ. ಜೊತೆಗೆ ಬ್ಯಾಂಕ್ ಬಡ್ಡಿ, ಹೋಮ್‌ಸ್ಟೇ ದುಡ್ಡು. ರಾತ್ರಿ ಹತ್ತೂವರೆಗೆ, "ಚಿಕ್ಕಮ್ಮ, ಓಟಿಪಿ ಬಂತಾ? ಆರು ನಂಬರ್ ಇರುತ್ತೆ ನೋಡಿ." ಚಿಕ್ಕಮ್ಮ ಕನ್ನಡಕ ಹುಡುಕುವಷ್ಟರಲ್ಲಿ ಓಟಿಪಿ ಸಮಯ ಮುಗಿದಿರುತ್ತದೆ. ಇಪ್ಪತ್ತು ನಿಮಿಷ ಹೇಳಿದರು. ಅಷ್ಟು ಹೊತ್ತೂ ಬೆನ್ನು ನೆಟ್ಟಗಿತ್ತು.

'ಯಾಕೆ ಒಪ್ಪಿದಿರಿ' ಎಂಬುದರ ಮುಂದೆ 41ರಲ್ಲಿ 35 ಕಡೆ ಒಂದೇ ಉತ್ತರ ಬರೆದಿದ್ದರು. 'ಇಲ್ಲ ಅನ್ನೋಕೆ ಆಗಲ್ಲ.' ಯಾಕಾಗಲ್ಲ? ಬಹಳ ಹೊತ್ತು ಸುಮ್ಮನಿದ್ದು ದೊಡ್ಡಪ್ಪನ ವಿಷಯ ಎತ್ತಿದರು. ಅಪ್ಪ ಬೇಗ ತೀರಿಕೊಂಡಿದ್ದರು. ಮೈಸೂರಿನಲ್ಲಿ ಬಿಕಾಂ ಓದುವಾಗ ಮೂರು ವರ್ಷ ಹಾಸ್ಟೆಲ್ ಫೀಸ್ ಕಟ್ಟಿದ್ದು ದೊಡ್ಡಪ್ಪ. ವಾಪಸ್ ಕೇಳಿದವರಲ್ಲ. ಆದರೆ ಇವರ ಮನಸ್ಸಿನಲ್ಲಿ ಆ ಋಣ ಇಡೀ ಮನೆತನದ್ದಾಗಿ, ಆಮೇಲೆ ಮನೆತನದ ಗೆಳೆಯರದ್ದೂ ಆಗಿಬಿಟ್ಟಿತ್ತು. ಸಾಲ ಕೊಟ್ಟವರು ಒಬ್ಬರು, ಬಡ್ಡಿ ವಸೂಲಿಗೆ ಊರೆಲ್ಲ.

ಇಲ್ಲಿ ನಾನು ಮುಯ್ಯಾಳಿನ ಮಾತು ತೆಗೆದೆ. ಅವರ ಅಜ್ಜಿ ಕಾಲದ ನಾಟಿ ನೆನಪಿರಬಹುದು ಎಂದು. ಇವತ್ತು ನಿಮ್ಮ ಗದ್ದೆಗೆ ನಾವು ನಾಲ್ಕು ಜನ, ನಾಳೆ ನಮ್ಮ ಗದ್ದೆಗೆ ನೀವು ನಾಲ್ಕು ಜನ. ಕೂಲಿ ಇಲ್ಲ, ಆದರೆ ಲೆಕ್ಕ ಇಲ್ಲ ಅಂದವರು ಯಾರು? ಮದುವೆಯಲ್ಲಿ ಮುಯ್ಯಿ ಬರೆದುಕೊಳ್ಳಲು ಪುಸ್ತಕವನ್ನೇ ಇಡುತ್ತೇವೆ. ಬಿಟ್ಟಿ ಬೇರೆ. ಕರೆದಾಗ ಹೋಗಿ ದುಡಿಯಲೇಬೇಕು, ತಿರುಗಿ ಏನೂ ಬರುವುದಿಲ್ಲ, ಬೇಡ ಅನ್ನುವ ಹಾಗೂ ಇಲ್ಲ. ಆ ಪದ ಹುಟ್ಟಿದ್ದೇ ಅಂಥ ದುಡಿಮೆಗೆ. ನಿಮ್ಮ ಪಟ್ಟಿಯಲ್ಲಿ ಮುಯ್ಯಿ ಯಾವುದು, ಬಿಟ್ಟಿ ಯಾವುದು, ಗುರುತು ಹಾಕಿ ಎಂದೆ. ಆರು ಹೆಸರಿನ ಮುಂದೆ 'ಮು' ಬಿತ್ತು. ದೊಡ್ಡಪ್ಪನದು ಮೊದಲನೆಯದು. ಆಫೀಸಿನ ವೈರಿಂಗ್ ದುಡ್ಡಿಲ್ಲದೆ ಮಾಡಿಕೊಟ್ಟ ಗೆಳೆಯನದು ಎರಡನೆಯದು.

ಇದರ ನಂತರದ ನನ್ನ ಸಲಹೆ ತಪ್ಪಾಯಿತು. ಅದನ್ನೂ ಬರೆಯಬೇಕು. ಫೀಸ್ ಪಟ್ಟಿಯನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿಬಿಡಿ, ಒಂದೇ ಸಲ ಮುಗಿಯುತ್ತದೆ ಎಂದಿದ್ದೆ. ಹಾಕಿದರು. ಸೋದರತ್ತೆ ಗುಂಪಿನಿಂದ ಹೊರಗೆ ಹೋದರು. ಇನ್ನೊಬ್ಬರು "ಕಾಫಿ ಕುಡಿದದ್ದಕ್ಕೂ ಬಿಲ್ ಕಳಿಸು" ಎಂದು ಬರೆದರು. ನಲವತ್ತು ಜನರ ಮುಂದೆ ಓದಿದ್ದಕ್ಕೆ ಆ ಪಟ್ಟಿ ಬಾಗಿಲು ಮುಚ್ಚಿದ ಹಾಗೆ ಕಂಡಿತ್ತು. ಬೆಂಗಳೂರಿನ ಆಫೀಸಿಗೆ ಸರಿಹೋಗುವ ಮದ್ದನ್ನು ನಾನು ಐನ್‌ಮನೆಗೆ, ಇಡೀ ಮನೆತನದ ಹಿರೀಕರ ಮನೆಗೆ, ಕೊಟ್ಟಿದ್ದೆ. ಆಡಿಟರ್ ಬಳಿ ಕ್ಷಮೆ ಕೇಳಿದೆ.

ಮತ್ತೆ ಶುರು ಮಾಡಿದೆವು. ಒಬ್ಬೊಬ್ಬರಿಗೆ ಬೇರೆ ಬೇರೆಯಾಗಿ, ಅವರು ಕೇಳಿದಾಗ ಮಾತ್ರ, ಕೆಲಸ ಹಿಡಿಯುವ ಮೊದಲೇ ಹೇಳುವುದು. ಮುಗಿದ ಮೇಲೆ ದುಡ್ಡು ಕೇಳಿದರೆ ಅದು ಜಗಳ. ಮಾತು ಇಷ್ಟೇ: "ಕಳಿಸಿ ಅತ್ತೆ, ಮಾಡ್ತೀನಿ. ಫೀಸ್ ಸಾವಿರ ಆಗುತ್ತೆ. ಕಾಗದ ಎಲ್ಲ ಜೂನ್ 30ರೊಳಗೆ ಆಫೀಸಿಗೆ ಬರ್ಲಿ." ನನ್ನನ್ನೇ ಅತ್ತೆ ಮಾಡಿಕೊಂಡು ಹೇಳಿಸಿದೆ. ಮೊದಲ ಸಲ ಈ ಮೂರು ವಾಕ್ಯದ ಮಧ್ಯೆ ನಾಲ್ಕು ಸಲ 'ಬೇಜಾರ್ ಮಾಡ್ಕೋಬೇಡಿ' ಬಂತು. ಒಂದೊಂದಾಗಿ ಕಿತ್ತೆವು. ಕಾರಣ ಹೇಳಲೂ ಬೇಡ ಎಂದೆ. ಕಾರಣ ಕೊಟ್ಟರೆ ನೆಂಟರು ಅದನ್ನು ಬಗೆಹರಿಸಲು ಕೂರುತ್ತಾರೆ.

(ನನಗೆ ಈ ಕಷ್ಟ ಇಲ್ಲ ಎಂದಲ್ಲ. ಮದುವೆ ಮನೆಯ ಸಾಲಿನಲ್ಲಿ ತಟ್ಟೆ ಹಿಡಿದುಕೊಂಡೇ ಮಗಳ ಸಂಸಾರದ ಕಥೆ ಹೇಳುವವರಿದ್ದಾರೆ. ನಮ್ಮ ವೃತ್ತಿಯಲ್ಲಿ ನೆಂಟರಿಗೆ, ಗೆಳೆಯರಿಗೆ ಆಪ್ತಸಲಹೆ ಕೊಡಬಾರದು. ಆ ನಿಯಮದ ಮರೆಯಲ್ಲಿ ನಾನು ಬಚಾವು.)

ಐದನೇ ಸಲ ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆ ಆವರೆಗೆ ನೋಟ್‌ಬುಕ್ ನೋಡಿರಲಿಲ್ಲ. ಕೈಗೆ ತೆಗೆದುಕೊಂಡು ಹಾಳೆ ತಿರುಗಿಸಿದರು.

"ಇದರಲ್ಲಿ ನಂದು ಎಲ್ಲಿದೆ?"

ಜೂನ್, ಜುಲೈ ಎರಡು ತಿಂಗಳು ಮಗುವನ್ನು ಮಲಗಿಸಿದ ಮೇಲೆ ಎಲ್ಲರ ಬ್ಯಾಂಕ್ ಸ್ಟೇಟ್‌ಮೆಂಟ್ ಎಂಟ್ರಿ ಮಾಡುವುದು ಆಕೆ. ಚಿಕ್ಕಮ್ಮನಿಗೆ ಓಟಿಪಿ ಬಿಡಿಸಿ ಹೇಳುವುದೂ ಎಷ್ಟೋ ಸಲ ಆಕೆಯೇ. ಆಡಿಟರ್ ಬಾಯಿ ತೆರೆದರು, ಏನೋ ಹೇಳಲು ಹೋಗಿ ಬಿಟ್ಟರು. "ಅದು ಐದೇ ನಿಮಿಷದ ಕೆಲಸ ಅಂತ ಇವರೂ ಹೇಳ್ತಾರೆ ಮೇಡಂ" ಎಂದು ಆಕೆಯೇ ಮುಗಿಸಿದರು. ಸಿಟ್ಟಿನಿಂದಲ್ಲ. ನಾಲ್ಕು ವಾರ ಈ ಪ್ರಶ್ನೆ ನನಗೂ ಹೊಳೆದಿರಲಿಲ್ಲ. ಅವತ್ತಿನ ಉಳಿದ ಹೊತ್ತೆಲ್ಲ ಅದಕ್ಕೇ ಹೋಯಿತು. ತಿಂಗಳಿಗೆ ಇಷ್ಟು ಎಂದು ಆಕೆಯ ಖಾತೆಗೆ ಹಾಕುವುದು, ರಾತ್ರಿ ಒಂಬತ್ತರ ಮೇಲೆ ಲ್ಯಾಪ್‌ಟಾಪ್ ಮುಚ್ಚುವುದು ಎಂದು ಇಬ್ಬರೂ ಒಪ್ಪಿ ಎದ್ದರು.

2025ರಲ್ಲಿ ಸರ್ಕಾರ ರಿಟರ್ನ್ ಗಡುವನ್ನು ಸೆಪ್ಟೆಂಬರ್‌ಗೆ ಮುಂದೂಡಿತು. ಆಡಿಟರ್ ನೆಂಟರಿಗೆ ಜೂನ್ 30 ಅಂದದ್ದನ್ನು ಬದಲಿಸಲಿಲ್ಲ. ಆರು ಜನರದ್ದು ಮುಯ್ಯಿ, ಹತ್ತೊಂಬತ್ತು ಜನ ಫೀಸ್ ಕೊಟ್ಟರು. ಇಬ್ಬರು ಈಗಲೂ ಮಾತಾಡುವುದಿಲ್ಲ. ಚಿಕ್ಕಪ್ಪ ಬೇರೆ ಆಡಿಟರ್ ಹತ್ತಿರ ಹೋಗಿ, ಇವರು ಕೇಳಿದ್ದಕ್ಕಿಂತ ಐನೂರು ಜಾಸ್ತಿ ಕೊಟ್ಟು ಬಂದರಂತೆ. ನಿದ್ದೆ ಪೂರ್ತಿ ಸರಿಯಾಗಿಲ್ಲ. ಜುಲೈ ಬಂದರೆ ಈಗಲೂ ಮೂರು ಗಂಟೆಗೆ ಎಚ್ಚರ ಆಗುತ್ತದೆ.

ದೊಡ್ಡಪ್ಪ ಎಂದಿನಂತೆ ಹಳೇ ಕವರಿನಲ್ಲಿ ಕಾಗದ ತುಂಬಿಕೊಂಡು ಬಂದಿದ್ದರು. ಫೀಸಿನ ವಿಷಯ ಅವರ ಕಿವಿಗೂ ಬಿದ್ದಿತ್ತು. ಸಾವಿರ ರೂಪಾಯಿ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಹತ್ರ ತಗೊಳ್ಳೋಕೆ ಆಗಲ್ಲ ದೊಡ್ಡಪ್ಪ" ಎಂದರೆ ವಾದ ಮಾಡಲಿಲ್ಲ. ನೋಟು ಎತ್ತಿ, ಪಕ್ಕದ ಮೇಜಿನಲ್ಲಿ ಕೂತಿದ್ದ ಸೊಸೆಯ ಮುಂದೆ ಇಟ್ಟರು. "ಬರೆಯೋದೆಲ್ಲ ನೀನು ಅಲ್ವಾ ಮಗಳೇ?"

ಆಕೆ ತೆಗೆದುಕೊಂಡು, ರಶೀದಿ ಬರೆದು ಕೊಟ್ಟರಂತೆ.